ಡ್ಯಾಶ್‌ಕ್ಯಾಮ್‌ಗೆ ಕರೆಂಟ್ ಎಲ್ಲಿಂದ?

ಸಿರಸಿ ಹತ್ತಿರದ ಮಾವನ ಮನೆಯಲ್ಲಿ ಮದುವೆ. ಶುಕ್ರವಾರ ಸಂಜೆ ಆರಕ್ಕೆ ಅಂಗಳದ ಅಂಚಿನಲ್ಲಿ ಕಾರು ನಿಲ್ಲಿಸಿ ಬೀಗ ಹಾಕಿದವನು ಮತ್ತೆ ಅದರ ಹತ್ತಿರ ಹೋದದ್ದು ಸೋಮವಾರ ಬೆಳಿಗ್ಗೆ ಆರಕ್ಕೆ. ಕೀ ತಿರುಗಿಸಿದರೆ ಬಾನೆಟ್ಟಿನೊಳಗಿಂದ ಟಕ್ ಟಕ್ ಟಕ್. ಸೆಲ್ಫ್ ತೆಗೆದುಕೊಳ್ಳಲಿಲ್ಲ. ಮೀಟರಿನ ದೀಪಗಳು ಮಂಕಾಗಿ ಹೊತ್ತಿ ಆರಿಹೋದವು. ಹೆಡ್‌ಲೈಟ್ ಆರಿಸಿಯೇ ಇತ್ತು. ಬಾಗಿಲು, ಡಿಕ್ಕಿ ಎಲ್ಲವೂ ಸರಿಯಾಗಿ ಮುಚ್ಚಿದ್ದವು. ಬ್ಯಾಟರಿಯನ್ನು ಯಾರು ತಿಂದರು ಎಂದು ಗೊತ್ತಾಗದೆ ನಿಂತಿದ್ದಾಗ ಹೆಂಡತಿಯ ತಮ್ಮ ಬಂದು, "ಚಿಂತೆ ಮಾಡಡ ಭಾವ, ಮುಂದೆ ಇಳುಕಲು ಇದ್ದು, ತಳ್ಳಿರೆ ಸ್ಟಾರ್ಟ್ ಆಗ್ತು" ಅಂದ. ನಾಲ್ಕು ಜನ ತಳ್ಳಿದರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಎಂಜಿನ್ ಎದ್ದಿತು. ಅದರ ಜೊತೆಗೇ ಮುಂದಿನ ಗಾಜಿನ ಮೇಲಿದ್ದ ಡ್ಯಾಶ್‌ಕ್ಯಾಮ್ "ಟಿಂಗ್" ಎಂದು ಎದ್ದು ಕೂತಿತು. ಆಗ ಹೊಳೆಯಿತು.

ಆ ಕ್ಯಾಮೆರಾ ಹಾಕಿಸಿ ಮೂರು ವಾರವಾಗಿತ್ತು. ಅಂಗಡಿಯವರು ಅದರ ಪ್ಲಗ್ಗನ್ನು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಿ, ವೈರನ್ನು ಅಂದವಾಗಿ ಒಳಗೆ ಅಡಗಿಸಿ ಕಳಿಸಿದ್ದರು. ನನ್ನ ಕಾರಿನ ಆ ಸಾಕೆಟ್ಟಿನಲ್ಲಿ ಕೀ ತೆಗೆದ ಮೇಲೂ ಕರೆಂಟ್ ಇರುತ್ತದೆ ಎಂಬುದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಬೆಂಗಳೂರಿನಲ್ಲಿ ದಿನವೂ ಗಾಡಿ ಓಡುತ್ತಿದ್ದುದರಿಂದ ರಾತ್ರಿ ಖಾಲಿಯಾದದ್ದು ಹಗಲು ಒಂದಿಷ್ಟು ತುಂಬಿಕೊಳ್ಳುತ್ತಿತ್ತು. ಮೂರು ರಾತ್ರಿ ಸುಮ್ಮನೆ ನಿಂತಾಗ ಲೆಕ್ಕ ತಪ್ಪಿತು.

ಡ್ಯಾಶ್‌ಕ್ಯಾಮ್ ಕೊಳ್ಳುವಾಗ ನಾವೆಲ್ಲ ಕೇಳುವುದು ಫೋರ್‌ಕೆ ಇದೆಯಾ, ರಾತ್ರಿ ನಂಬರ್ ಪ್ಲೇಟ್ ಕಾಣುತ್ತದಾ, ಹಿಂದಕ್ಕೂ ಕ್ಯಾಮೆರಾ ಇದೆಯಾ ಎಂದು. ಅಪಘಾತವಾದಾಗ ಬೇಕಾದ ಆ ಹತ್ತು ಸೆಕೆಂಡು ಮೆಮೊರಿ ಕಾರ್ಡಿನಲ್ಲಿ ಉಳಿಯುತ್ತದೋ ಇಲ್ಲವೋ, ಮರುದಿನ ಗಾಡಿ ಎದ್ದೇಳುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮಾತ್ರ ವೈರು. ಅದರ ಬಗ್ಗೆ ಯಾರೂ ಕೇಳುವುದಿಲ್ಲ, ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ.

ಮೊದಲು ಬ್ಯಾಟರಿಯ ಲೆಕ್ಕ

ಡ್ಯಾಶ್‌ಕ್ಯಾಮ್ ನಡೆಯುವುದು ಮೊಬೈಲಿನ ಹಾಗೆ 5 ವೋಲ್ಟ್‌ನಲ್ಲಿ. ಮುಂದಿನದೊಂದೇ ಕ್ಯಾಮೆರಾ ಆದರೆ ಸುಮಾರು 3ರಿಂದ 4 ವ್ಯಾಟ್, ಹಿಂದಿನದೂ ಸೇರಿದರೆ 5ರಿಂದ 8 ವ್ಯಾಟ್ ಎಳೆಯುತ್ತದೆ. ನನ್ನದು 4 ವ್ಯಾಟಿನದು. 12 ವೋಲ್ಟ್ ಅನ್ನು 5ಕ್ಕೆ ಇಳಿಸುವಾಗ ಒಂದಿಷ್ಟು ಶಾಖವಾಗಿ ಹೋಗುವುದರಿಂದ ಕಾರಿನ ಬ್ಯಾಟರಿಯಿಂದ ಹೆಚ್ಚುಕಡಿಮೆ 0.4 ಆಂಪಿಯರ್ ಹೋಗುತ್ತದೆ ಎಂದುಕೊಳ್ಳಿ. ಕೇಳಲು ಏನೂ ಅಲ್ಲ. ಆದರೆ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಗೆ 60 ಗಂಟೆ. 60 ಗಂಟೆಗೆ 24 ಆಂಪಿಯರ್-ಅವರ್ (ಎಎಚ್). ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದೇ 35 ಎಎಚ್ ಬ್ಯಾಟರಿ. ನನ್ನದಕ್ಕೆ ಆಗಲೇ ಮೂರು ವರ್ಷ ತುಂಬಿತ್ತು, ಹೊಸದರಲ್ಲಿದ್ದ ಶಕ್ತಿ ಇರಲಿಲ್ಲ. ಜೊತೆಗೆ ಕಾರು ನಿಂತಿದ್ದಾಗಲೂ ಅಲಾರಂ, ಗಡಿಯಾರ, ರಿಮೋಟ್ ಕೀಯ ರಿಸೀವರ್ ಸೇರಿ ಒಂದಷ್ಟು ಮಿಲಿಆಂಪಿಯರ್ ಸದಾ ಹರಿಯುತ್ತಿರುತ್ತದೆ. ಎಲ್ಲ ಕೂಡಿಸಿದಾಗ ಟಕ್ ಟಕ್ ಸದ್ದಿಗೆ ಉತ್ತರ ಸಿಕ್ಕಿತು.

ಕಾರಿನ ಬ್ಯಾಟರಿ ಯಾವ ಕೆಲಸಕ್ಕೆ ಹುಟ್ಟಿದ್ದು ಎಂಬುದನ್ನು ಇಲ್ಲಿ ಹೇಳಲೇಬೇಕು. ಸೆಲ್ಫ್ ಹೊಡೆಯುವ ಒಂದೆರಡು ಸೆಕೆಂಡು ನೂರು, ನೂರೈವತ್ತು ಆಂಪಿಯರ್ ಒಂದೇ ಸಲ ಸುರಿದು, ಆಮೇಲೆ ಆಲ್ಟರ್ನೇಟರ್ ಕೊಡುವುದನ್ನು ತುಂಬಿಕೊಂಡು ಕೂರುವುದು ಅದರ ಕೆಲಸ. ಮನೆಯ ಇನ್ವರ್ಟರ್ ಬ್ಯಾಟರಿಯ ಹಾಗೆ ನಿಧಾನವಾಗಿ ತಳದವರೆಗೆ ಬಸಿದು ಮತ್ತೆ ತುಂಬುವುದಕ್ಕೆ ಅದನ್ನು ಮಾಡಿಲ್ಲ. ಹಾಗೆ ಪದೇ ಪದೇ ಬಸಿದರೆ, ಅರೆಬರೆ ತುಂಬಿದ ಸ್ಥಿತಿಯಲ್ಲೇ ಬಿಟ್ಟರೆ, ಒಳಗಿನ ಸೀಸದ ಫಲಕಗಳ ಮೇಲೆ ಲೆಡ್ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಬ್ಯಾಟರಿ ಮೊದಲಿನ ಹಾಗೆ ಹಿಡಿದುಕೊಳ್ಳುವುದಿಲ್ಲ.

ಬ್ಯಾಟರಿಯ ಹೊಟ್ಟೆ ಎಷ್ಟು ತುಂಬಿದೆ ಎಂದು ತಿಳಿಯಲು ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಗಾಡಿ ನಿಲ್ಲಿಸಿ ಕೆಲವು ಗಂಟೆಯಾದ ಮೇಲೆ ಅಳೆದಾಗ 12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಸುಮಾರು ಅರ್ಧ, 12.0 ಅಂದರೆ ಕಾಲು ಭಾಗ. 11.8ಕ್ಕೆ ಬಂದಿತೆಂದರೆ ಬರಿದಾಯಿತು. ಎಂಜಿನ್ ಓಡುತ್ತಿರುವಾಗ ಅಳೆದರೆ 13.8ರಿಂದ 14.4ರವರೆಗೆ ತೋರಿಸಬೇಕು. ಅದು ಆಲ್ಟರ್ನೇಟರ್ ಸರಿಯಾಗಿದೆ ಎಂಬುದರ ಗುರುತು. ಈ ಐದಾರು ಅಂಕಿಗಳನ್ನು ಕಾರಿನ ಕೈಪಿಡಿಯ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಲೈಟರ್ ಸಾಕೆಟ್ ಸಾಕಾಗುವವರಿಗೆ

ನಿಮಗೆ ಗಾಡಿ ಓಡುವಾಗ ಮಾತ್ರ ರೆಕಾರ್ಡಿಂಗ್ ಬೇಕಿದ್ದರೆ ಲೈಟರ್ ಸಾಕೆಟ್ಟೇ ಸಾಕು. ಆದರೆ ಮೊದಲು ಒಂದು ಪರೀಕ್ಷೆ. ಕ್ಯಾಮೆರಾ ಚುಚ್ಚಿ, ಗಾಡಿ ಆಫ್ ಮಾಡಿ, ಕೀ ತೆಗೆದು ಇಳಿದು ಬೀಗ ಹಾಕಿ. ಇಪ್ಪತ್ತು ನಿಮಿಷ ಬಿಟ್ಟು ಬಂದು ಗಾಜಿನ ಹೊರಗಿನಿಂದ ನೋಡಿ. ಕ್ಯಾಮೆರಾದ ದೀಪ ಆರಿದ್ದರೆ ನಿಮ್ಮ ಸಾಕೆಟ್ ಕೀ ಜೊತೆಗೇ ಆರುವ ಜಾತಿಯದು. ಇನ್ನೂ ಹೊತ್ತಿದ್ದರೆ ಅದು ಸದಾ ಕರೆಂಟ್ ಇರುವ ಸಾಕೆಟ್. ಆಗ ಪ್ರತಿ ಸಲ ಇಳಿಯುವಾಗ ಪ್ಲಗ್ ಕೀಳಬೇಕು, ಇಲ್ಲವೇ ಮುಂದೆ ಹೇಳುವ ಫ್ಯೂಸ್ ದಾರಿ ಹಿಡಿಯಬೇಕು. ತಕ್ಷಣ ನೋಡಿ ತೀರ್ಮಾನಿಸಬೇಡಿ. ಕೆಲವು ಕಾರುಗಳು ಆಫ್ ಆದ ಮೇಲೂ ಕೆಲವು ನಿಮಿಷ ಸಾಕೆಟ್ಟಿಗೆ ಕರೆಂಟ್ ಬಿಟ್ಟುಕೊಂಡೇ ಇರುತ್ತವೆ.

ನಮ್ಮ ರಸ್ತೆಯಲ್ಲಿ ಲೈಟರ್ ಪ್ಲಗ್ಗಿಗೆ ಇನ್ನೊಂದು ಕಷ್ಟ ಇದೆ. ಅದರ ತುದಿಯ ಸ್ಪ್ರಿಂಗ್ ಒತ್ತಿಕೊಂಡಿದ್ದರೆ ಮಾತ್ರ ಸಂಪರ್ಕ. ಹಂಪ್ ಹಾರಿ, ಗುಂಡಿಗೆ ಇಳಿದು ಎದ್ದಾಗ ಪ್ಲಗ್ ಒಂದು ಎಳೆ ಹಿಂದೆ ಸರಿದರೂ ಕ್ಯಾಮೆರಾ ಆರಿ ಮತ್ತೆ ಶುರುವಾಗುತ್ತದೆ. ಎದ್ದು ರೆಕಾರ್ಡಿಂಗ್ ಆರಂಭಿಸಲು ಅದಕ್ಕೆ ಕೆಲವು ಸೆಕೆಂಡು ಬೇಕು. ಡಿಕ್ಕಿಯಾಗುವುದೂ ಅಂಥ ಹೊಡೆತದ ಹೊತ್ತಿನಲ್ಲೇ ಎಂಬುದನ್ನು ನೆನೆದರೆ ಇದು ಸಣ್ಣ ವಿಷಯವಲ್ಲ. ಕೊಂಚ ಹಣ ಹೆಚ್ಚಾದರೂ ಬಿಗಿಯಾಗಿ ಕೂರುವ ಅಡಾಪ್ಟರ್ ತೆಗೆದುಕೊಳ್ಳಿ.

ಸ್ಟೀರಿಯೋ ಪಕ್ಕದ ಯುಎಸ್‌ಬಿ ಕಿಂಡಿಗೆ ಚುಚ್ಚಿದರಾಗದೇ ಎಂದು ಹಲವರು ಕೇಳುತ್ತಾರೆ. ಆ ಕಿಂಡಿ ಹಾಡಿನ ಪೆನ್‌ಡ್ರೈವ್‌ಗೆಂದು ಇಟ್ಟದ್ದು. ಹಲವು ಕಾರುಗಳಲ್ಲಿ ಅದು ಕೊಡುವುದು ಅರ್ಧ ಆಂಪಿಯರ್ ಮಾತ್ರ, ಕ್ಯಾಮೆರಾಕ್ಕೆ ಒಂದು ಆಂಪಿಯರ್‌ನಷ್ಟಾದರೂ ಬೇಕು. ಅದೂ ಅಲ್ಲದೆ ಸ್ಟೀರಿಯೋ ಕ್ಯಾಮೆರಾವನ್ನು ಪೆನ್‌ಡ್ರೈವ್ ಎಂದು ತಿಳಿದು ಓದಲು ಹೊರಟರೆ ಕ್ಯಾಮೆರಾ ರೆಕಾರ್ಡಿಂಗ್ ಬಿಟ್ಟು ಫೈಲು ತೋರಿಸುತ್ತ ಕೂರುತ್ತದೆ.

ಕೇಬಲ್ ವಿಷಯದಲ್ಲಿ ನಾನು ಹಟಮಾರಿ. ಪೆಟ್ಟಿಗೆಯಲ್ಲಿ ಬಂದ ಕೇಬಲ್ಲನ್ನೇ ಬಳಸಿ. ಗಾಜಿನ ಮೇಲಿಂದ ಬಾಗಿಲಿನ ಅಂಚು ಬಳಸಿ ಸಾಕೆಟ್ಟಿಗೆ ಬರಲು ಮೂರೂವರೆ ಮೀಟರ್ ಬೇಕಾಗುತ್ತದೆ. ಅಷ್ಟುದ್ದದ, ಒಳಗೆ 28 ಗೇಜಿನ ತೆಳು ತಾಮ್ರವಿರುವ ಮೊಬೈಲ್ ಕೇಬಲ್ ತಂದು ಹಾಕಿದರೆ ಏನಾಗುತ್ತದೆ ನೋಡಿ. ಆ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ತಡೆ. ಕರೆಂಟ್ ಹೋಗಿ ಬರುವ ದಾರಿ ಎರಡೂ ಸೇರಿ 7 ಮೀಟರ್, ಅಂದರೆ ಒಂದೂವರೆ ಓಮ್. ಕ್ಯಾಮೆರಾ 1 ಆಂಪಿಯರ್ ಎಳೆದರೆ ದಾರಿಯಲ್ಲೇ ಒಂದೂವರೆ ವೋಲ್ಟ್ ಕರಗುತ್ತದೆ. 5 ವೋಲ್ಟ್ ಹೊರಟದ್ದು ಮೂರೂವರೆಯಾಗಿ ತಲುಪುತ್ತದೆ. ಹಗಲು ಹೇಗೋ ನಡೆದ ಕ್ಯಾಮೆರಾ ರಾತ್ರಿ, ಇನ್‌ಫ್ರಾರೆಡ್ ದೀಪವೋ ವೈಫೈಯೋ ಹೊತ್ತಿದಾಗ ತಾನಾಗಿ ಆರುತ್ತದೆ. ಕ್ಯಾಮೆರಾ ಹಾಳಾಗಿದೆ ಎಂದು ವಾಪಸ್ ಕೊಡುವವರಲ್ಲಿ ಎಷ್ಟೋ ಜನರ ತೊಂದರೆ ಕೇಬಲ್ಲಿನದೇ ಇರುತ್ತದೆ.

ಅಗ್ಗದ ಅಡಾಪ್ಟರ್ ಹಾಕಿದ ದಿನದಿಂದ ಎಫ್‌ಎಂ ರೇಡಿಯೋ ಕರಕರ ಎನ್ನುತ್ತಿದ್ದರೆ, ಕ್ಯಾಮೆರಾದ ಜಿಪಿಎಸ್ ಉಪಗ್ರಹ ಹಿಡಿಯಲು ತಡಕಾಡುತ್ತಿದ್ದರೆ, ಅದೂ ಅಡಾಪ್ಟರಿನದೇ ಕೆಲಸ. ಬದಲಿಸಿ.

ಫ್ಯೂಸ್ ಪೆಟ್ಟಿಗೆಯಿಂದ ತೆಗೆದುಕೊಳ್ಳುವುದು

ಊರಿನಿಂದ ಬಂದ ಮೇಲೆ ನಾನು ಹೋದದ್ದು ಬೆಂಗಳೂರಿನ ಜೆ.ಸಿ. ರಸ್ತೆಗೆ. ಕಾರಿನ ಬಿಡಿಭಾಗ, ಅಲಂಕಾರದ ಸಾಮಾನುಗಳ ಅಂಗಡಿಗಳು ಸಾಲಾಗಿ ಇರುವ ಕಡೆ. ಅಲ್ಲಿ ಕೇಳಬೇಕಾದದ್ದು "ಹಾರ್ಡ್‌ವೈರ್ ಕಿಟ್". ಬೆಂಕಿಪೊಟ್ಟಣದಷ್ಟು ದಪ್ಪದ ಒಂದು ಪೆಟ್ಟಿಗೆ, ಒಂದು ಕಡೆ ಕ್ಯಾಮೆರಾಕ್ಕೆ ಹೋಗುವ ಉದ್ದ ಕೇಬಲ್, ಇನ್ನೊಂದು ಕಡೆ ಮೂರು ವೈರು. ಹಳದಿ ವೈರು ಸದಾ ಕರೆಂಟ್ ಇರುವ ಫ್ಯೂಸಿಗೆ. ಕೆಂಪು ವೈರು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಎಸಿಸಿ ಫ್ಯೂಸಿಗೆ. ಕಪ್ಪು ವೈರು ಬಾಡಿ ಅರ್ಥ್‌ಗೆ. ಹೆಚ್ಚಿನ ಕಿಟ್‌ಗಳಲ್ಲಿ ಬಣ್ಣದ ಕ್ರಮ ಇದೇ. ಆದರೂ ಜೊತೆಗೆ ಬಂದ ಚೀಟಿಯನ್ನು, ವೈರಿನ ತುದಿಯ ಪಟ್ಟಿಯನ್ನು ಓದದೆ ಬಣ್ಣವನ್ನಷ್ಟೇ ನಂಬಬೇಡಿ. ಕೆಂಪು ವೈರಿನಲ್ಲಿ ಕರೆಂಟ್ ಬಂದರೆ ಗಾಡಿ ಓಡುತ್ತಿದೆ ಎಂದು ಕ್ಯಾಮೆರಾಕ್ಕೆ ತಿಳಿಯುತ್ತದೆ. ಆ ಕರೆಂಟ್ ನಿಂತರೆ, ನಿಲ್ಲಿಸಿದ ಗಾಡಿಯನ್ನು ಕಾಯುವ ಪಾರ್ಕಿಂಗ್ ಕ್ರಮಕ್ಕೆ ಹೋಗುತ್ತದೆ. ಎರಡು ಅದಲು ಬದಲಾದರೆ ಪಾರ್ಕಿಂಗ್ ಕ್ರಮ ಸರಿಯಾಗಿ ನಡೆಯುವುದಿಲ್ಲ.

ಪಾರ್ಕಿಂಗ್ ರೆಕಾರ್ಡಿಂಗ್ ಬೇಡವಾದವರು ಹಳದಿ, ಕೆಂಪು ಎರಡನ್ನೂ ಒಂದೇ ಎಸಿಸಿ ಫ್ಯೂಸಿಗೆ ಕೊಟ್ಟುಬಿಡಬಹುದು. ಕೀ ತೆಗೆದೊಡನೆ ಕ್ಯಾಮೆರಾ ಆರುತ್ತದೆ, ಬ್ಯಾಟರಿಯ ಚಿಂತೆ ಇಲ್ಲ. ಹೆಚ್ಚು ಜನರಿಗೆ ನಾನು ಹೇಳುವುದು ಇದನ್ನೇ.

ಅಂಗಡಿಯ ಹೊರಗೆ ಕಾರಿನ ಕೆಳಗೆ ಮಲಗಿದ್ದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಕಿಟ್ ತಿರುಗಿಸಿ ನೋಡಿ, "ಸಾರ್, ವೈರ್ ಕಟ್ ಮಾಡಿ ಜಾಯಿಂಟ್ ಹೊಡೀತೀನಿ ಅಂದೋರ ಹತ್ರ ಹೋಗ್ಬೇಡಿ. ಫ್ಯೂಸ್ ಟ್ಯಾಪ್ ಹಾಕ್ಸಿ. ನಾಳೆ ತೆಗೆದ್ರೆ ಗಾಡಿ ಮೊದಲಿನ ಹಾಗೇ ಇರ್ಬೇಕು" ಅಂದರು. ವಾರಂಟಿ ಇರುವ ಗಾಡಿಯಲ್ಲಿ ಈ ಮಾತು ಇನ್ನೂ ಮುಖ್ಯ. ಕಂಪನಿಯ ವೈರನ್ನು ಸುಲಿದು ಟೇಪ್ ಸುತ್ತಿದ ಜಾಗದಲ್ಲಿ ಮುಂದೆ ಏನೇ ಆದರೂ ಸರ್ವೀಸ್ ಸೆಂಟರಿನವರು ಮೊದಲು ಬೆರಳು ತೋರಿಸುವುದು ಅಲ್ಲಿಗೇ.

ಫ್ಯೂಸ್ ಟ್ಯಾಪ್ ಅಂದರೆ ಒಂದು ಫ್ಯೂಸಿನ ಜಾಗದಲ್ಲಿ ಎರಡು ಫ್ಯೂಸ್ ಕೂರಿಸುವ ಪುಟ್ಟ ಹೋಲ್ಡರ್. ಇದ್ದ ಫ್ಯೂಸ್ ಕಿತ್ತು ಅದರ ಗೂಡಿಗೆ ಟ್ಯಾಪನ್ನು ಚುಚ್ಚುವುದು. ಕಿತ್ತ ಫ್ಯೂಸನ್ನು ಟ್ಯಾಪಿನ ಒಂದು ಗೂಡಿಗೆ, ಕ್ಯಾಮೆರಾದ ಹೊಸ ಫ್ಯೂಸನ್ನು ಇನ್ನೊಂದಕ್ಕೆ. 12 ವೋಲ್ಟಿನ ಈ ಕಡೆ ಕ್ಯಾಮೆರಾಕ್ಕೆ ಒಂದು ಆಂಪಿಯರೂ ಬೇಡವಾದ್ದರಿಂದ 2 ಅಥವಾ 3 ಆಂಪಿಯರಿನ ಫ್ಯೂಸ್ ಸಾಕು. ದೊಡ್ಡದು ಹಾಕಿದರೆ ವೈರು ಶಾರ್ಟ್ ಆದಾಗ ಫ್ಯೂಸಿಗಿಂತ ಮೊದಲು ವೈರೇ ಸುಡುತ್ತದೆ. ಟ್ಯಾಪುಗಳಲ್ಲಿ ಹಲವು ಅಳತೆಗಳಿವೆ. ದೊಡ್ಡ ಬ್ಲೇಡ್, ಮಿನಿ, ಗಿಡ್ಡ ಕಾಲಿನ ಲೋ ಪ್ರೊಫೈಲ್ ಮಿನಿ, ಮೈಕ್ರೋ. ಒಂದಕ್ಕೆ ಇನ್ನೊಂದು ಕೂರುವುದಿಲ್ಲ, ಒತ್ತಿ ಕೂರಿಸಿದರೆ ಗೂಡು ಸಡಿಲವಾಗುತ್ತದೆ. ನಿಮ್ಮ ಗಾಡಿಯ ಒಂದು ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.

ಭಾನುವಾರ ಬೆಳಿಗ್ಗೆ ನಾನೇ ಕೂತೆ. ಫ್ಯೂಸ್ ಪೆಟ್ಟಿಗೆ ಸ್ಟೇರಿಂಗಿನ ಕೆಳಗೆ ಬಲಮಂಡಿಯ ಹತ್ತಿರ. ಮುಚ್ಚಳದ ಒಳಬದಿಯಲ್ಲಿ ನಕ್ಷೆ. ನೀಲಿ 15, ಕೆಂಪು 10, ಹಳದಿ 20, ಕಂದು ಏಳೂವರೆ ಎಂದು ಬಣ್ಣವೇ ಆಂಪಿಯರ್ ಹೇಳುತ್ತದೆ. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಬಾಗಿಲ ಬಳಿಯ ಬರಿ ಲೋಹದ ಬೋಲ್ಟಿಗೆ ಒತ್ತಿ, ಕೆಂಪು ಕಡ್ಡಿಯನ್ನು ಫ್ಯೂಸಿನ ತಲೆಯ ಮೇಲಿನ ಎರಡು ಸಣ್ಣ ಚುಕ್ಕಿಗಳಿಗೆ ಒಂದೊಂದಾಗಿ ಮುಟ್ಟಿಸುತ್ತ ಹೋದೆ. ಕೀ ಇಲ್ಲದೆ 12.5 ತೋರಿಸಿದ್ದು ಸದಾ ಕರೆಂಟಿನದು. ಕೀ ಹಾಕಿದಾಗ 12.3, ತೆಗೆದಾಗ ಸೊನ್ನೆ ತೋರಿಸಿದ್ದು ಎಸಿಸಿ. ನನಗೆ ಎಸಿಸಿ ಸಿಕ್ಕಿದ್ದು ಹಿಂದಿನ ವೈಪರಿನ ಫ್ಯೂಸಿನಲ್ಲಿ, ಸದಾ ಕರೆಂಟ್ ಸಿಕ್ಕಿದ್ದು ಒಳಗಿನ ದೀಪದ ಫ್ಯೂಸಿನಲ್ಲಿ.

ಇಲ್ಲಿ ಒಂದು ಬಲೆ ಇದೆ. ಈಚಿನ ಕೆಲವು ಕಾರುಗಳು ಬೀಗ ಹಾಕಿ ಸ್ವಲ್ಪ ಹೊತ್ತಾದ ಮೇಲೆ ಬ್ಯಾಟರಿ ಉಳಿಸಲೆಂದು ಕೆಲವು ಫ್ಯೂಸುಗಳನ್ನು ಮಲಗಿಸಿಬಿಡುತ್ತವೆ. ಸದಾ ಕರೆಂಟಿನದು ಎಂದು ನೀವು ಹಿಡಿದ ಫ್ಯೂಸು ಅರ್ಧ ಗಂಟೆಯ ನಂತರ ಸೊನ್ನೆಯಾಗಬಹುದು. ಆದ್ದರಿಂದ ಗಾಡಿಯನ್ನು ಅರ್ಧ ಗಂಟೆ ಸುಮ್ಮನೆ ಬಿಟ್ಟು ಮತ್ತೊಮ್ಮೆ ಅಳೆಯಿರಿ.

ಟ್ಯಾಪನ್ನು ಎರಡು ರೀತಿ ಚುಚ್ಚಬಹುದು, ಸರಿಯಾದದ್ದು ಒಂದೇ. ಚುಚ್ಚಿದ ಮೇಲೆ ಹಳೆಯ ಫ್ಯೂಸನ್ನು ಟ್ಯಾಪಿನಿಂದ ಕಿತ್ತು ನೋಡಿ. ಕ್ಯಾಮೆರಾದ ವೈರಿನಲ್ಲಿ ಆಗಲೂ 12 ವೋಲ್ಟ್ ಇದ್ದರೆ ಸರಿಯಾಗಿದೆ, ಎರಡು ಫ್ಯೂಸುಗಳೂ ತಂತಮ್ಮ ದಾರಿಯನ್ನು ಕಾಯುತ್ತಿವೆ. ಕರೆಂಟ್ ಹೋದರೆ ಟ್ಯಾಪ್ ತಿರುಗಿಸಿ ಚುಚ್ಚಿ. ತಿರುಗುಮುರುಗಾದರೂ ಕ್ಯಾಮೆರಾ ನಡೆಯುತ್ತದೆ, ಆದರೆ ಎರಡರ ಭಾರವೂ ಹಳೆಯ ಫ್ಯೂಸಿನ ಮೇಲೇ ಬೀಳುತ್ತದೆ.

ಯಾವ ಫ್ಯೂಸ್ ಮುಟ್ಟಬಾರದು ಎಂಬುದನ್ನು ಬೇರೆಯಾಗಿಯೇ ಹೇಳಬೇಕು. ಏರ್‌ಬ್ಯಾಗ್, ಎಬಿಎಸ್, ಎಂಜಿನ್ನಿನ ಇಸಿಯು, ಪೆಟ್ರೋಲ್ ಪಂಪ್, ಬ್ರೇಕ್ ಲೈಟ್, ಹೆಡ್‌ಲೈಟ್. ಇವುಗಳಲ್ಲಿ ಯಾವುದರಿಂದಲೂ ಕರೆಂಟ್ ಎರವಲು ಬೇಡ. ಲೈಟರ್ ಸಾಕೆಟ್, ರೇಡಿಯೋ, ವೈಪರ್, ಒಳದೀಪ ಇಂಥವು ಸಾಕಷ್ಟಿವೆ. ಟ್ಯಾಕ್ಸಿ ಇಟ್ಟುಕೊಂಡವರು ಇನ್ನೊಂದು ಮಾತು ಗಮನಿಸಬೇಕು. 2019ರ ಜನವರಿಯಿಂದ ಹೊಸ ಸಾರ್ವಜನಿಕ ಸೇವೆಯ ಕಾರುಗಳಿಗೆ ಎಐಎಸ್-140 ಪ್ರಕಾರದ ಟ್ರ್ಯಾಕಿಂಗ್ ಸಾಧನ, ಪ್ಯಾನಿಕ್ ಬಟನ್ ಕಡ್ಡಾಯವಾಗಿವೆ. ಆ ಸಾಧನಕ್ಕೆ ಹೋಗುವ ವೈರಿನಿಂದಲೂ ತೆಗೆಯಬೇಡಿ.

ಇನ್ನು ಕಪ್ಪು ವೈರು. ಕ್ಯಾಮೆರಾ ಆಗಾಗ ಆರುತ್ತದೆ ಎಂಬ ದೂರಿಗೆ ಫ್ಯೂಸಿಗಿಂತ ಇದೇ ಹೆಚ್ಚು ಸಲ ಕಾರಣ. ಬಣ್ಣ ಬಳಿದ ಬೋಲ್ಟಿಗೆ, ಪ್ಲಾಸ್ಟಿಕ್ಕಿಗೆ ಕೂರಿಸಿದ ಸ್ಕ್ರೂಗೆ ಅರ್ಥ್ ಕೊಟ್ಟರೆ ಅದು ಅರ್ಥ್ ಅಲ್ಲ. ಕಾರಿನ ಚೌಕಟ್ಟಿಗೇ ಹೋಗುವ ಬೋಲ್ಟ್ ಹುಡುಕಿ, ಸ್ವಲ್ಪ ಸಡಿಲಿಸಿ, ವೈರಿನ ಕವಲು ತುದಿಯನ್ನು ಒಳಗೆ ಸೇರಿಸಿ ಬಿಗಿಯಿರಿ. ಸೀಟ್ ಬೆಲ್ಟಿನ ಬೋಲ್ಟನ್ನು ಮಾತ್ರ ಬಿಚ್ಚಬೇಡಿ, ಅದನ್ನು ಗೊತ್ತಾದ ಬಿಗಿತಕ್ಕೆ ಕಂಪನಿಯಲ್ಲಿ ಕೂರಿಸಿರುತ್ತಾರೆ.

ವೈರು ಹೋಗುವ ದಾರಿಯಲ್ಲಿ ಏರ್‌ಬ್ಯಾಗ್

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಮುಂಗಾಜಿನ ಎರಡು ಪಕ್ಕದ ಕಂಬಗಳನ್ನು ಎ ಪಿಲ್ಲರ್ ಅನ್ನುತ್ತಾರೆ. ಆರು ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಪರದೆಯಂಥ ಕರ್ಟನ್ ಏರ್‌ಬ್ಯಾಗ್ ಛಾವಣಿಯ ಅಂಚಿನುದ್ದಕ್ಕೂ ಮಡಿಸಿಟ್ಟಿರುತ್ತದೆ, ಅದರ ತುದಿ ಈ ಪಿಲ್ಲರಿನ ಒಳಗೂ ಇಳಿದಿರುತ್ತದೆ. ಡಿಕ್ಕಿಯಾದಾಗ ಅದು ಕಣ್ಣೆವೆ ಮಿಟುಕಿಸುವುದರೊಳಗೆ ಬಿಚ್ಚಿಕೊಂಡು ಕೆಳಗಿಳಿಯಬೇಕು. ಕ್ಯಾಮೆರಾದ ವೈರು ಅದರ ಮುಂದೆ ಅಡ್ಡ ಹಾದುಹೋಗಿದ್ದರೆ ಬ್ಯಾಗು ಬಿಚ್ಚಿಕೊಳ್ಳುವ ದಾರಿ ಕೆಡಬಹುದು, ಇಲ್ಲವೇ ವೈರೇ ಮುಖದತ್ತ ಚಿಮ್ಮಬಹುದು. ಪಿಲ್ಲರಿನ ಪ್ಲಾಸ್ಟಿಕ್ ಮೇಲೆ "ಏರ್‌ಬ್ಯಾಗ್" ಎಂಬ ಅಚ್ಚು ಇದೆಯೇ ಎಂದು ನೋಡಿ. ಇದ್ದರೆ ಆ ಹೊದಿಕೆಯನ್ನು ನೀವಾಗಿ ಕೀಳಬೇಡಿ. ಕೆಲವು ಕಾರುಗಳಲ್ಲಿ ಅದರ ಕ್ಲಿಪ್ಪುಗಳು ಒಂದು ಸಲ ಬಿಚ್ಚಿದರೆ ಮತ್ತೆ ಬಳಸಲು ಬಾರದಂಥವು.

ಸುರಕ್ಷಿತ ದಾರಿ ಹೀಗೆ. ಕ್ಯಾಮೆರಾದಿಂದ ಮುಂಗಾಜಿನ ಮೇಲಂಚಿಗೆ ಹೋಗಿ, ಛಾವಣಿಯ ಲೈನಿಂಗಿನ ಅಂಚಿನೊಳಗೆ ಬೆರಳಿನಿಂದ ವೈರನ್ನು ತಳ್ಳುತ್ತ ಎಡಗಡೆಗೆ ಬನ್ನಿ. ಅಲ್ಲಿಂದ ಬಾಗಿಲ ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಮೆಲ್ಲಗೆ ಎಳೆದು ಅದರ ಒಳಗೇ ವೈರನ್ನು ಕೆಳಗಿಳಿಸಿ, ಗ್ಲೌ ಬಾಕ್ಸಿನ ಕೆಳಗೆ ಸಾಗಿಸಿ. ಹೀಗೆ ವೈರು ಬ್ಯಾಗಿನ ಹೊರಬದಿಯಲ್ಲಿ, ಬಾಗಿಲಿನ ಕಡೆಗೆ ಉಳಿಯುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ, ಪಕ್ಕದ ಸೀಟಿನ ಏರ್‌ಬ್ಯಾಗಿನ ಮುಚ್ಚಳದ ಮೇಲೆ ಹಾಯಿಸಿ ಟೇಪ್ ಅಂಟಿಸುವುದು ಬೇಡವೇ ಬೇಡ. ಫ್ಯೂಸ್ ಪೆಟ್ಟಿಗೆ ಬಲಗಡೆ ಇದ್ದರೆ ಉಳಿದ ವೈರನ್ನು ಬ್ರೇಕ್, ಕ್ಲಚ್ ಪೆಡಲ್‌ಗಳಿಂದ ದೂರ ಕಟ್ಟಿ. ಸಡಿಲ ವೈರು ಪೆಡಲ್ಲಿಗೆ ಸಿಕ್ಕಿಕೊಳ್ಳುವುದಕ್ಕಿಂತ ಅದು ಹೊರಗೆ ಕಾಣುವುದೇ ಮೇಲು. ಇಷ್ಟೆಲ್ಲ ಕೈಯಾಡಿಸಲು ಧೈರ್ಯ ಬಾರದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಆದರೆ ಪಕ್ಕದಲ್ಲೇ ನಿಂತು ವೈರು ಎಲ್ಲಿ ಹೋಗುತ್ತಿದೆ ಎಂದು ಕೇಳುತ್ತಿರಿ.

ನಿಲ್ಲಿಸಿದಾಗಲೂ ರೆಕಾರ್ಡಿಂಗ್ ಬೇಕೇ?

ಬೀದಿಯಲ್ಲಿ ಗಾಡಿ ನಿಲ್ಲಿಸುವವರ ದುಃಖ ನನಗೆ ಗೊತ್ತು. ಬೆಳಿಗ್ಗೆ ಎದ್ದು ನೋಡಿದರೆ ಬಂಪರಿನ ಮೇಲೆ ಯಾರದೋ ಗೀರು. ಆದರೆ ಪಾರ್ಕಿಂಗ್ ರೆಕಾರ್ಡಿಂಗ್ ಬ್ಯಾಟರಿಯನ್ನು ತಿಂದೇ ನಡೆಯುವಂಥದ್ದು. ಹಾರ್ಡ್‌ವೈರ್ ಕಿಟ್‌ನ ಪೆಟ್ಟಿಗೆಯಲ್ಲಿ ಕಟ್-ಆಫ್ ಎಂಬ ಸಣ್ಣ ಸ್ವಿಚ್ ಇರುತ್ತದೆ, ಕೆಲವದರಲ್ಲಿ ಕ್ಯಾಮೆರಾದ ಆ್ಯಪ್‌ನಲ್ಲಿ. ಬ್ಯಾಟರಿ ಅದರಲ್ಲಿ ಆರಿಸಿಟ್ಟ ವೋಲ್ಟೇಜಿಗೆ ಇಳಿದ ಕೂಡಲೇ ಕ್ಯಾಮೆರಾದ ಕರೆಂಟ್ ನಿಲ್ಲುತ್ತದೆ. 11.6, 11.8, 12.0, 12.2, 12.4 ಹೀಗೆ ಆಯ್ಕೆಗಳು. ಹೆಚ್ಚು ಹೊತ್ತು ರೆಕಾರ್ಡ್ ಆಗಲಿ ಎಂದು ಹಲವರು 11.8 ಹಾಕುತ್ತಾರೆ. ಮೇಲಿನ ಅಂಕಿಗಳನ್ನು ಇನ್ನೊಮ್ಮೆ ನೋಡಿ. 11.8 ಅಂದರೆ ಬರಿದಾದ ಬ್ಯಾಟರಿ. ಕಾವಲು ಇದ್ದೂ ಇಲ್ಲದ ಹಾಗೆ.

ದಿನವೂ ಬಳಸುವುದಾದರೆ 12.4 ಇಡಿ. ಅಪರೂಪಕ್ಕಾದರೆ 12.2ಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬೇಡ. 35 ಎಎಚ್ ಬ್ಯಾಟರಿ ಹೊಸದಿದ್ದು ಪೂರ್ತಿ ತುಂಬಿದ್ದರೆ 12.4ಕ್ಕೆ ಬರುವಷ್ಟರಲ್ಲಿ ಕಾಲು ಭಾಗ, ಸುಮಾರು 9 ಎಎಚ್ ಸಿಗುತ್ತದೆ. 0.4 ಆಂಪಿಯರ್ ಲೆಕ್ಕದಲ್ಲಿ 20 ಗಂಟೆ ದಾಟುತ್ತದೆ. ಹಳೆಯ ಬ್ಯಾಟರಿಯಲ್ಲಿ ಇದರ ಅರ್ಧ ಸಿಕ್ಕರೂ ಪುಣ್ಯ. ಹೀಗೆ ಖರ್ಚಾದ 9 ಎಎಚ್ ಮನೆಯಿಂದ ಆಫೀಸಿಗೆ ಹದಿನೈದು ನಿಮಿಷ ಓಡಿಸಿದರೆ ತುಂಬುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಆಲ್ಟರ್ನೇಟರ್ ಕಡಿಮೆ ಕೊಡುತ್ತದೆ, ಎಸಿ, ದೀಪ, ವೈಪರ್ ಅದರಲ್ಲೂ ಪಾಲು ಕೇಳುತ್ತವೆ. ಸೀಸದ ಬ್ಯಾಟರಿ ತುಂಬುತ್ತ ಬಂದ ಹಾಗೆ ಚಾರ್ಜನ್ನು ಇನ್ನೂ ನಿಧಾನವಾಗಿ ಹೀರುತ್ತದೆ. ಅದಕ್ಕೇ ದಿನಕ್ಕೆ ನಾಲ್ಕೈದು ಕಿಲೋಮೀಟರ್ ಓಡುವ ಗಾಡಿಗೆ ಪಾರ್ಕಿಂಗ್ ರೆಕಾರ್ಡಿಂಗ್ ಬೇಡ ಎಂದೇ ನನ್ನ ಸಲಹೆ.

ಮಧ್ಯದ ದಾರಿಯೂ ಇದೆ. ಕೆಲವು ಕ್ಯಾಮೆರಾಗಳಲ್ಲಿ ಮಲಗಿದ್ದು, ಗಾಡಿಗೆ ಪೆಟ್ಟು ಬಿದ್ದಾಗ ಮಾತ್ರ ಎದ್ದು ರೆಕಾರ್ಡ್ ಮಾಡುವ ಕ್ರಮ ಇರುತ್ತದೆ. ಪೆಟ್ಟು ಬೀಳುವ ಮುಂಚಿನ ದೃಶ್ಯ ಸಿಗದೆ ಹೋಗಬಹುದು, ಆದರೆ ಕರೆಂಟ್ ತೀರ ಕಡಿಮೆ ಸಾಕು. ಖರ್ಚು ಮಾಡಬಲ್ಲವರಿಗೆ ಡ್ಯಾಶ್‌ಕ್ಯಾಮ್‌ಗೆಂದೇ ಬರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಪೆಟ್ಟಿಗೆಗಳಿವೆ. ಗಾಡಿ ಓಡುವಾಗ ತುಂಬಿಕೊಂಡು, ನಿಂತಾಗ ಕ್ಯಾಮೆರಾಕ್ಕೆ ತಾನೇ ಕೊಡುತ್ತದೆ, ಕಾರಿನ ಬ್ಯಾಟರಿಯನ್ನು ಮುಟ್ಟುವುದಿಲ್ಲ. ಎಲೆಕ್ಟ್ರಿಕ್ ಕಾರು ಇರುವವರು ನಮಗೆ ದೊಡ್ಡ ಬ್ಯಾಟರಿ ಇದೆಯಲ್ಲ ಎಂದುಕೊಳ್ಳಬಾರದು. ಅದರಲ್ಲೂ ದೀಪ, ಬೀಗ, ಕಂಪ್ಯೂಟರುಗಳಿಗೆ ಬೇರೆಯೇ ಒಂದು 12 ವೋಲ್ಟಿನ ಬ್ಯಾಟರಿ ಇರುತ್ತದೆ. ಅದು ಬರಿದಾದರೆ ದೊಡ್ಡದು ಎಷ್ಟೇ ತುಂಬಿದ್ದರೂ ಗಾಡಿ ಎಚ್ಚರಗೊಳ್ಳುವುದಿಲ್ಲ.

ಸ್ಟೇರಿಂಗ್ ಕೆಳಗಿನ, ಸರ್ವೀಸಿನವರು ದೋಷ ಪತ್ತೆಗೆ ಬಳಸುವ ಒಬಿಡಿ ಕಿಂಡಿಗೆ ಚುಚ್ಚುವ ಕೇಬಲ್ಲುಗಳೂ ಸಿಗುತ್ತವೆ. ಅದರ 16ನೇ ಪಿನ್ನಿನಲ್ಲಿ ಸದಾ 12 ವೋಲ್ಟ್ ಇರುತ್ತದೆ, ಚುಚ್ಚಿದರೆ ಕೆಲಸ ಮುಗಿಯಿತು. ಬಾಡಿಗೆ ಮನೆ ಬದಲಿಸಿದಂತೆ ಗಾಡಿ ಬದಲಿಸುವವರಿಗೆ ಅನುಕೂಲ. ಕಟ್-ಆಫ್ ಇಲ್ಲದ ಕೇಬಲ್ಲಾದರೆ ನನ್ನ ಸಿರಸಿಯ ಕಥೆಯೇ ಮತ್ತೆ.

ಬಿಸಿಲು

ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ 60ಕ್ಕೂ ಮೇಲೆ ಹೋಗುತ್ತದೆ, ಮುಂಗಾಜಿಗೆ ಅಂಟಿದ ಕ್ಯಾಮೆರಾದ ಪಾಡು ಇನ್ನೂ ಕಷ್ಟ. ಅಗ್ಗದ ಕ್ಯಾಮೆರಾಗಳ ಹೊಟ್ಟೆಯಲ್ಲಿ ಪುಟ್ಟ ಲಿಥಿಯಂ ಬ್ಯಾಟರಿ ಇರುತ್ತದೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಒಂದೆರಡು ಬೇಸಿಗೆಯಲ್ಲಿ ಅದು ಉಬ್ಬಿ ಕ್ಯಾಮೆರಾದ ಹಿಂಬದಿ ಬಿರಿಯಬಹುದು. ಅದರ ಬದಲು ಸೂಪರ್ ಕೆಪಾಸಿಟರ್ ಇರುವ ಕ್ಯಾಮೆರಾ ಕೊಳ್ಳಿ. ಕರೆಂಟ್ ನಿಂತಾಗ ಕೊನೆಯ ಫೈಲನ್ನು ಸರಿಯಾಗಿ ಮುಚ್ಚುವಷ್ಟು, ಅಂದರೆ ಕೆಲವು ಸೆಕೆಂಡಿನ ಶಕ್ತಿ ಮಾತ್ರ ಅದರಲ್ಲಿರುತ್ತದೆ, ಆದರೆ ಬಿಸಿಯನ್ನು ತಡೆದುಕೊಳ್ಳುತ್ತದೆ. ಇದೇ ಕಾರಣಕ್ಕೆ ಪವರ್ ಬ್ಯಾಂಕಿನಿಂದ ಕ್ಯಾಮೆರಾ ನಡೆಸುವ ಉಪಾಯವನ್ನು ನಾನು ಯಾರಿಗೂ ಹೇಳುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಪವರ್ ಬ್ಯಾಂಕ್ ಬಿಟ್ಟು ಹೋಗಲೇಬಾರದು.

ಕ್ಯಾಮೆರಾದ ಒಳಗಿನ ಆ ಪುಟ್ಟ ಬ್ಯಾಟರಿ ಸತ್ತರೆ ಇನ್ನೊಂದು ನಷ್ಟವೂ ಇದೆ. ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗಿ, ವಿಡಿಯೋದ ಮೂಲೆಯಲ್ಲಿ ಯಾವುದೋ ಹಳೆಯ ವರ್ಷದ ಜನವರಿ 1 ಎಂದು ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡ್ಯಾಶ್‌ಕ್ಯಾಮಿನ ವಿಡಿಯೋವನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರ ಬೇಕು. ಅಪಘಾತವಾದ ದಿನ ಒಂದು, ವಿಡಿಯೋದಲ್ಲಿರುವ ದಿನ ಇನ್ನೊಂದಾದರೆ ನಿಮ್ಮ ಪರವಾಗಿ ನಿಲ್ಲಬೇಕಾದ ಸಾಕ್ಷಿಯ ಮೇಲೇ ಪ್ರಶ್ನೆ ಏಳುತ್ತದೆ. ಜಿಪಿಎಸ್ ಇರುವ ಕ್ಯಾಮೆರಾಗಳಲ್ಲಿ ಸಮಯ ಉಪಗ್ರಹದಿಂದ ತಾನೇ ಸರಿಹೋಗುತ್ತದೆ. ಇಲ್ಲದವರು ತಿಂಗಳಿಗೊಮ್ಮೆ ಮೊಬೈಲಿನ ಗಡಿಯಾರದ ಜೊತೆ ಹೋಲಿಸಿ ನೋಡಬೇಕು. 2023ರಲ್ಲಿ ಬಂದ ಹ್ಯುಂಡೈ ಎಕ್ಸ್‌ಟರ್‌ನಂಥ ಕೆಲವು ಕಾರುಗಳಲ್ಲಿ ಡ್ಯಾಶ್‌ಕ್ಯಾಮನ್ನು ಕಂಪನಿಯೇ ಕೂರಿಸಿ ಕೊಡುತ್ತಿದೆ. ಅಂಥವರಿಗೆ ವೈರಿನ ಚಿಂತೆ ಇಲ್ಲ, ಗಡಿಯಾರ ನೋಡುವುದು ಮಾತ್ರ ಅವರಿಗೂ ತಪ್ಪಿದ್ದಲ್ಲ.

ನನ್ನ ಕಾರಿನಲ್ಲಿ ಈಗ ಹಳದಿ, ಕೆಂಪು ಎರಡೂ ವೈಪರಿನ ಫ್ಯೂಸಿನಲ್ಲಿವೆ. ಒಳದೀಪದ ಫ್ಯೂಸಿನ ಟ್ಯಾಪನ್ನು ಒಂದು ವಾರ ಬಳಸಿ ತೆಗೆದೆ, ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಪಾರ್ಕಿಂಗ್ ರೆಕಾರ್ಡಿಂಗ್ ಬೇಕಿಲ್ಲ ಅನ್ನಿಸಿತು. ಕೀ ಹಾಕಿದಾಗ ಕ್ಯಾಮೆರಾ ಒಮ್ಮೆ ಎದ್ದು, ಸೆಲ್ಫ್ ಹೊಡೆಯುವಾಗ ಆರಿ, ಮತ್ತೆ ಏಳುತ್ತದೆ. ಸೆಲ್ಫ್ ಮೋಟಾರಿಗೆ ಪೂರ್ತಿ ಬಲ ಸಿಗಲೆಂದು ಕಾರು ಎಸಿಸಿಯನ್ನು ಆ ಕ್ಷಣ ಕಡಿಯುತ್ತದೆ, ಅದು ದೋಷವಲ್ಲ. ಎರಡನೇ "ಟಿಂಗ್" ಕೇಳಿ, ಕೆಂಪು ಚುಕ್ಕಿ ಮಿಣುಕಲು ಶುರುವಾದ ಮೇಲೇ ಗೇರು ಹಾಕುತ್ತೇನೆ. ಇಳಿದು ಬೀಗ ಹಾಕಿದ ಮೇಲೆ ಮುಂಗಾಜಿನ ಕಡೆಗೊಮ್ಮೆ ಬಗ್ಗಿ, ಆ ಚುಕ್ಕಿ ಆರಿದೆಯೇ ಎಂದು ನೋಡಿ ಲಿಫ್ಟಿನ ಕಡೆ ಹೋಗುತ್ತೇನೆ.